ಬೀಡಿ ಬಿಟ್ಟ ದಿನಗಳ ಕಿರ್ದಿ



ನನ್ನ ಮುಂದೆ ಈಗ ಒಂದು ಹಳೆಯ ನೋಟುಬುಕ್ಕು ಇದೆ. ಮೊದಲ ಪುಟದಲ್ಲಿ 12 ನವೆಂಬರ್ 2018, ಸೋಮವಾರ ಎಂದು ಬರೆದಿದ್ದೇನೆ. ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಸೋಮವಾರ ನಮ್ಮ ಸೊಲ್ಲಾಪುರದ ಸಿದ್ಧರಾಮನ ವಾರ, ಅದಕ್ಕೇ ಆ ದಿನ ಆರಿಸಿಕೊಂಡೆ. ಬ್ಯಾಂಕಿನಲ್ಲಿ 38 ವರ್ಷ ಗುಮಾಸ್ತನಾಗಿ ದುಡಿದವನು ನಾನು. ಕಲಿತದ್ದು ಮ್ಯಾಟ್ರಿಕ್. ಜಮಾ-ಖರ್ಚು ಬರೆಯುವುದನ್ನು ಬಿಟ್ಟರೆ ಬೇರೆ ವಿದ್ಯೆ ನನಗೆ ಬಾರದು. ಹಾಗಾಗಿ ಬೀಡಿ ಬಿಟ್ಟ ದಿನಗಳಿಗೂ ಒಂದು ಕಿರ್ದಿ ಇಟ್ಟೆ. ಅದನ್ನೇ ಇವತ್ತು ನಿಮ್ಮ ಮುಂದೆ ಓದಿ ಹೇಳಬೇಕೆಂದಿದ್ದೇನೆ.

ಮೊದಲು ಹಿಡಿದದ್ದು ಹೇಗೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಹಳ್ಳಿ ನಮ್ಮದು. ಅಪ್ಪ ಕಟ್ಟೆಯ ಮೇಲೆ ಕುಳಿತು, "ತಮ್ಮಾ, ಒಲಿಯಾಗ ಬೀಡಿ ಹಚಗೊಂಡ ಬಾ" ಎನ್ನುತ್ತಿದ್ದ. ಒಲೆಯಿಂದ ಕಟ್ಟೆಗೆ ಬರುವಷ್ಟರಲ್ಲಿ ಬೀಡಿ ಆರಬಾರದಲ್ಲ, ಒಂದು ಜುರಿಕೆ ಎಳೆಯಲೇಬೇಕು. ಆಗ ನನಗೆ ಒಂಬತ್ತು ವರ್ಷ. ಅಪ್ಪನ ಮೇಲೆ ತಪ್ಪು ಹೊರಿಸುತ್ತಿಲ್ಲ. ಆ ಕಾಲದಲ್ಲಿ ಯಾರ ಮನೆಯಲ್ಲಿ ಹೀಗೆ ಇರಲಿಲ್ಲ ಹೇಳಿ? ನೌಕರಿಗೆ ಸೇರಿದ ಮೇಲೆ ಹಗಲು ಸಿಗರೇಟು, ಮನೆಗೆ ಬಂದ ಮೇಲೆ ಬೀಡಿ. ಬ್ಯಾಂಕಿನೊಳಗೆ ಮೇಜಿನ ಮೇಲೆಯೇ ಬೂದಿಯ ಬಟ್ಟಲು ಇರುತ್ತಿತ್ತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದಬಾರದೆಂಬ ನಿಯಮ ಬಂದಾಗ ನಾವೆಲ್ಲ ಹೊರಗಿನ ಚಹಾದ ಟಪರಿಗೆ ಹೋದೆವು. ಜಾಗ ಬದಲಾಯಿತು, ಲೆಕ್ಕ ಬದಲಾಗಲಿಲ್ಲ.

ಬಿಡಲು ನೋಡಲಿಲ್ಲವೆಂದಲ್ಲ. ಪ್ರತಿ ಶ್ರಾವಣದಲ್ಲಿ ಬಿಡುತ್ತಿದ್ದೆ, ಭಾದ್ರಪದದಲ್ಲಿ ಹಿಡಿಯುತ್ತಿದ್ದೆ. ಒಮ್ಮೆ ಅಕ್ಕಲಕೋಟೆಗೆ ಹೋಗಿ ವಟವೃಕ್ಷ ಮಂದಿರದಲ್ಲಿ ಸ್ವಾಮಿ ಸಮರ್ಥರ ಮುಂದೆ ಆಣೆ ಮಾಡಿ ಬಂದೆ. ಹನ್ನೊಂದು ದಿನಕ್ಕೆ ಆಣೆ ಮುರಿಯಿತು. ಆಮೇಲೆ ಬೀಡಿಯ ಸಂಕಟ ಒಂದು, ಆಣೆ ಮುರಿದ ಸಂಕಟ ಇನ್ನೊಂದು. ಎರಡು ವರ್ಷ ಆ ಗುಡಿಯ ಕಡೆ ಮುಖ ಹಾಕಲಿಲ್ಲ. ಈಗ ಹಿಂದಿರುಗಿ ನೋಡಿದರೆ ಒಂದು ಮಾತು ತಿಳಿಯುತ್ತದೆ: ಆಗೆಲ್ಲ ನಾನು ಯಾರಿಗೂ ಹೇಳದೆ ಬಿಡುತ್ತಿದ್ದೆ. ಹೆಂಡತಿಗೂ ಹೇಳುತ್ತಿರಲಿಲ್ಲ. ಯಾಕೆಂದರೆ ಸೋತರೆ ಗೊತ್ತಾಗಬಾರದಲ್ಲ. ಗುಟ್ಟಾಗಿ ಬಿಟ್ಟವನಿಗೆ ಗುಟ್ಟಾಗಿ ಹಿಡಿಯುವುದೂ ಸುಲಭ.

2018ರ ಅಕ್ಟೋಬರ್ ತಿಂಗಳಲ್ಲಿ ನನ್ನ ಅಕ್ಕನ ಗಂಡನನ್ನು ಬಾರ್ಶಿಗೆ ಕರೆದುಕೊಂಡು ಹೋಗಬೇಕಾಯಿತು. ಮಾಮಾ ಎನ್ನುತ್ತಿದ್ದೆವು ಅವರಿಗೆ. ಬೀಡಿ ಸೇದುತ್ತಿರಲಿಲ್ಲ, ಅಂಗೈಯಲ್ಲಿ ಸುಣ್ಣ-ತಂಬಾಕು ತಿಕ್ಕಿ ಗಲ್ಲದಲ್ಲಿ ಇಟ್ಟುಕೊಳ್ಳುವವರು. ಗಲ್ಲದೊಳಗೆ ಹುಣ್ಣಾಗಿ ಬಾಯಿ ತೆರೆಯಲು ಬರದಂತಾಗಿತ್ತು. ಬಾರ್ಶಿಯ ನರ್ಗಿಸ್ ದತ್ತ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ನಿಮಗೆ ಗೊತ್ತಿರುವುದೇ. ನಮ್ಮ ದೇಶದಲ್ಲಿ ಹಳ್ಳಿಗಾಡಿನ ಕ್ಯಾನ್ಸರ್ ರೋಗಿಗಳ ನೋಂದಣಿ ಮೊಟ್ಟಮೊದಲು ಆರಂಭವಾದದ್ದು ಆ ಬಾರ್ಶಿಯಲ್ಲೇ, 1987ರಲ್ಲಿ. ಮಾಮಾನನ್ನು ಒಳಗೆ ಕರೆದರು. ಅಕ್ಕ ಬಾಗಿಲ ಹೊರಗೆ ಬಾಕಿನ ಮೇಲೆ ಕುಳಿತಳು. ನಾನು ಏನು ಮಾಡಿದೆ ಗೊತ್ತೇ? ಗೇಟಿನ ಹೊರಗೆ ಹೋಗಿ ಸಿಗರೇಟು ಹಚ್ಚಿದೆ. ನನ್ನ ಹಾಗೆಯೇ ಏಳೆಂಟು ಜನ ಅಲ್ಲಿ ನಿಂತು ಸೇದುತ್ತಿದ್ದರು, ಎಲ್ಲರೂ ಒಳಗಿದ್ದ ರೋಗಿಗಳ ಸಂಬಂಧಿಕರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೈಯಲ್ಲಿದ್ದ ಪಾಕೀಟನ್ನು ತಿರುಗಿಸಿ ನೋಡಿದೆ. ಆ ವರ್ಷದ ಸೆಪ್ಟೆಂಬರಿನಿಂದ ತಂಬಾಕಿನ ಪಾಕೀಟುಗಳ ಮೇಲೆ, ಬಿಡಬೇಕೆನ್ನುವವರು ಕರೆ ಮಾಡಲಿ ಎಂದು ಒಂದು ಉಚಿತ ಫೋನ್ ಸಂಖ್ಯೆ ಅಚ್ಚಾಗತೊಡಗಿತ್ತು. 1800-11-2356. ಆ ಸಂಖ್ಯೆಯನ್ನು ಕೈಮೇಲೆ ಬರೆದುಕೊಂಡೆ. ಬರೆದುಕೊಂಡವನು ಒಂದು ತಿಂಗಳು ಕರೆ ಮಾಡಲಿಲ್ಲ, ಅದೂ ನಿಜ.

ಈ ಸಲ ಐದು ಜನಕ್ಕೆ ಹೇಳಿದೆ. ಹೆಂಡತಿಗೆ, ಮಗನಿಗೆ, ಅಕ್ಕಲಕೋಟೆಯಲ್ಲಿರುವ ಹಳೆಯ ಸ್ನೇಹಿತನಿಗೆ, ನೆರೆಮನೆಯ ತಾಯಿಗೆ, ಮತ್ತು ಟಪರಿಯವನಿಗೆ. ಟಪರಿಯವನಿಗೆ ಹೇಳುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ಇಪ್ಪತ್ತು ವರ್ಷದ ಗಿರಾಕಿ ನಾನು. ಅವನು ನಕ್ಕು, "ಸಾಹೇಬ್ರ, ಚಹಾ ಕುಡೀಲಿಕ್ಕ ಬರ್ರಿ, ಬೀಡಿ ಕೇಳಿದ್ರ ನಾ ಕೊಡಂಗಿಲ್ಲ" ಅಂದ. ಆಮೇಲೆ ಒಂದು ದಿನ ಕೇಳಿಯೇ ಬಿಟ್ಟೆ. ಕೊಡಲಿಲ್ಲ ಪುಣ್ಯಾತ್ಮ.

ಈಗ ಕಿರ್ದಿ. ಬೀಡಿ ಬೇಕೆನ್ನಿಸಿದಾಗಲೆಲ್ಲ ಗಡಿಯಾರ ನೋಡಿ ಹೊತ್ತು ಬರೆಯುವುದು, ಆಸೆ ಇಳಿದಾಗ ಮತ್ತೆ ಹೊತ್ತು ಬರೆಯುವುದು. ಇದಕ್ಕೆ ನಾವು ತಲಬು ಎನ್ನುತ್ತೇವೆ, ಮರಾಠಿಯಲ್ಲಿ ತಲಫ್. ಮೊದಲನೆಯ ದಿನ 17 ಸಲ. ಎರಡನೆಯ ದಿನ 21. ಮೂರನೆಯ ದಿನ 23. ಏಳನೆಯ ದಿನ 9. ಇಪ್ಪತ್ತನೆಯ ದಿನ 2. ಒಂದೊಂದು ತಲಬು ಎಷ್ಟು ಹೊತ್ತು ಇರುತ್ತಿತ್ತೆಂದು ತಿಳಿದಿದ್ದೀರಿ? ತಾಸುಗಟ್ಟಲೆ ಇರುತ್ತದೆಂದು ನಾನೂ ತಿಳಿದಿದ್ದೆ. ಪುಸ್ತಕದಲ್ಲಿ ನೋಡಿದರೆ ಮೂರು ನಿಮಿಷ, ನಾಲ್ಕು ನಿಮಿಷ, ಬಹಳವಾದರೆ ಐದು. ನಲವತ್ತು ವರ್ಷ ನನ್ನನ್ನು ಆಳಿದ್ದು ಈ ಐದು ನಿಮಿಷದ ರಾಜ. ಡಾಕ್ಟರರು ಹೇಳುವುದೂ ಇದನ್ನೇ. ರಕ್ತದೊಳಗಿನ ನಿಕೋಟಿನ್ ಎರಡು-ಮೂರು ದಿನಗಳಲ್ಲಿ ಇಳಿದುಹೋಗುತ್ತದೆ, ಹಾಗಾಗಿ ಆ ದಿನಗಳಲ್ಲೇ ಸಂಕಟ ಹೆಚ್ಚು. ಆಮೇಲೆ ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತ ಬರುತ್ತದೆ. ಇದು ಮೊದಲೇ ಗೊತ್ತಿದ್ದರೆ ಹನ್ನೊಂದನೆಯ ದಿನ ಆಣೆ ಮುರಿಯುತ್ತಿರಲಿಲ್ಲವೇನೋ. ಕಷ್ಟದ ಹೊಳೆ ದಾಟಿ ದಂಡೆಯಲ್ಲಿ ಮುಳುಗಿದ್ದೆ.

ಆ ಐದು ನಿಮಿಷ ಏನು ಮಾಡಬೇಕು? ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ನಮ್ಮ ಸೊಲ್ಲಾಪುರದ ಶೇಂಗಾ ಚಟ್ನಿ ಯಾರಿಗೆ ಗೊತ್ತಿಲ್ಲ? ಅವಳು ಪಡಸಾಲೆಯಲ್ಲಿ ಒಂದು ಮರ ಇಟ್ಟು, ತುಂಬ ಶೇಂಗಾಕಾಯಿ ಸುರಿದು, "ತಲಬ ಬಂತಂದ್ರ ಮಾತಾಡಬ್ಯಾಡ್ರಿ, ಇಲ್ಲಿ ಬಂದ ಕೂಡ್ರಿ, ಕಾಯಿ ಒಡೀರಿ" ಅಂದಳು. ಬೀಡಿ ಸೇದುವವನ ಬೆರಳು ಸುಮ್ಮನಿರುವುದಿಲ್ಲ. ಅದಕ್ಕೆ ಕೆಲಸ ಬೇಕು, ಬಾಯಿಗೂ ಕೆಲಸ ಬೇಕು. ಒಡೆದೆ, ತಿಂದೆ. ಅವಳು ಒಂದು ಕಡೆ ಕುಳಿತು ಒಡೆಯುತ್ತಿದ್ದಳು, ನಾನೊಂದು ಕಡೆ. ಮೂವತ್ತು ವರ್ಷದ ಸಂಸಾರದಲ್ಲಿ ಹಗಲಲ್ಲಿ ಹಾಗೆ ಎದುರುಬದುರು ಕುಳಿತದ್ದು ನೆನಪಿಲ್ಲ. ಆ ಒಂದು ತಿಂಗಳು ನಮ್ಮ ಮನೆಯ ಚಟ್ನಿಯನ್ನು ಇಡೀ ಓಣಿ ತಿಂದಿತು.

ಎಲ್ಲವೂ ಹೀಗೆ ಸೊಗಸಾಗಿ ನಡೆಯಿತೆಂದು ತಿಳಿಯಬೇಡಿ. ಬೆಳಗಿನ ಬೀಡಿ ಇಲ್ಲದೆ ಹೊಟ್ಟೆ ಸಾಫಾಗಲಿಲ್ಲ. ಇದನ್ನು ನಾಚಿಕೆಯಿಂದ ಯಾರೂ ಹೇಳುವುದಿಲ್ಲ, ಆದರೆ ಅರ್ಧ ಜನ ಇದೊಂದೇ ಕಾರಣಕ್ಕೆ ಮತ್ತೆ ಹಿಡಿಯುತ್ತಾರೆಂದು ನನ್ನ ಅನುಮಾನ. ಬಿಸಿನೀರು, ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಅರ್ಧ ತಾಸು ನಡಿಗೆ, ಇಷ್ಟರಿಂದ ವಾರದೊಳಗೆ ಸರಿಹೋಯಿತು. ರಾತ್ರಿ ನಿದ್ದೆ ಬರಲಿಲ್ಲ. ಬಿಟ್ಟ ಮೇಲೆ ಕೆಮ್ಮು ಹೆಚ್ಚಾಯಿತು, ಬಿಟ್ಟದ್ದೇ ತಪ್ಪಾಯಿತೇನೋ ಎಂದು ಹೆದರಿದೆ. ಅದು ಪುಪ್ಪುಸ ತನ್ನನ್ನು ತಾನು ತೊಳೆದುಕೊಳ್ಳುವ ಕೆಮ್ಮು ಎಂದು ಡಾಕ್ಟರರು ಹೇಳಿದರು. ಮೂರನೆಯ ದಿನ ಬುಧವಾರ ಮಧ್ಯಾಹ್ನ, ಪಲ್ಯದಲ್ಲಿ ಉಪ್ಪು ಹೆಚ್ಚಾಯಿತೆಂದು ಊಟದ ತಾಟನ್ನು ನೂಕಿದೆ. ತಾಟು ಗೋಡೆಗೆ ಬಡಿಯಿತು. ಹೆಂಡತಿ ಒಂದು ಮಾತೂ ಆಡಲಿಲ್ಲ. ನೆಲ ಒರೆಸಿ, ಹೊರಗೆ ಹೋಗಿ ನೆರೆಮನೆಯಲ್ಲಿ ಕುಳಿತಳು. ಕಿರ್ದಿಯಲ್ಲಿ ಆ ಹೊತ್ತಿಗೆ "ತಾಟು" ಎಂದು ಒಂದೇ ಶಬ್ದ ಬರೆದಿದ್ದೇನೆ.

ಅವತ್ತು ಸಂಜೆ ಆ ಫೋನ್ ಸಂಖ್ಯೆಗೆ ಕರೆ ಮಾಡಿದೆ. 2016ರಲ್ಲಿ ದಿಲ್ಲಿಯಲ್ಲಿ ಆರಂಭವಾದ ಸೇವೆ ಅದು. 2018ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್, ಗುವಾಹಾಟಿಯ ಕ್ಯಾನ್ಸರ್ ಆಸ್ಪತ್ರೆ ಕೂಡಿಕೊಂಡ ಮೇಲೆ ಪ್ರಾಂತಭಾಷೆಗಳಲ್ಲೂ ಮಾತಾಡಲು ಅನುಕೂಲವಾಯಿತು. ನನಗೆ ಸಿಕ್ಕ ಹುಡುಗಿ ಮರಾಠಿಯಲ್ಲಿ ಮಾತಾಡಿದಳು. ನಮಗೆ ಗಡಿಯವರಿಗೆ ಅದೊಂದು ಸೌಭಾಗ್ಯ ನೋಡಿ, ಬಾಗಿಲು ಎರಡು. ಆಫೀಸಿನ ಮರಾಠಿಯಲ್ಲಿ ನಾನು ಎಲ್ಲ ಸರಿಯಾಗಿ ಹೇಳುತ್ತಿದ್ದೆ, ತಾಟಿನ ಮಾತು ಬಂದಾಗ ಮಾತ್ರ ಕನ್ನಡ ಬಾಯಿಗೆ ಬಂತು. ಅವಳು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಯಾವ ಹೊತ್ತಿನಲ್ಲಿ ಬಹಳ ಬೇಕೆನ್ನಿಸುತ್ತದೆ, ಆಗ ಮನೆಯಲ್ಲಿ ಯಾರಿರುತ್ತಾರೆ" ಎಂದು ಕೇಳಿದಳು. ಮುಂದೆ ಅವರೇ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸಿದರು. ನನ್ನ ಮುಖ ನೋಡದವರು ನನ್ನ ಲೆಕ್ಕ ಇಟ್ಟಿದ್ದಾರೆ ಎನ್ನುವುದು ಒಂದು ಆಸರೆಯೇ.

ಔಷಧಿ ಅಂಗಡಿಯಲ್ಲಿ ಸಿಗುವ ನಿಕೋಟಿನ್ ಗಮ್ಮನ್ನೂ ಡಾಕ್ಟರರನ್ನು ಕೇಳಿ ತಂದೆ. ಎಲೆ-ಅಡಿಕೆಯಂತೆ ಗಬಗಬ ಅಗಿದು ಬಿಕ್ಕಳಿಕೆ ಹತ್ತಿಸಿಕೊಂಡೆ. ಅದನ್ನು ನಿಧಾನವಾಗಿ ಅಗಿದು, ನಾಲಿಗೆ ಚುರುಕ್ ಅಂದಾಗ ಗಲ್ಲದಲ್ಲಿ ಇಟ್ಟುಕೊಳ್ಳಬೇಕು. ಹೃದಯದ ಬೇನೆ ಇದ್ದವರು ಡಾಕ್ಟರರನ್ನು ಕೇಳದೆ ಮುಟ್ಟಬೇಡಿ.

ಮನೆಯವರಿಗೆ ಒಂದು ಮಾತು. ನನ್ನ ಮಗ ಒಳ್ಳೆಯವನೇ. ಆದರೆ ನಾನು ಹೊರಗಿನಿಂದ ಬಂದಕೂಡಲೇ ಹತ್ತಿರ ಬಂದು ಅಂಗಿ ಮೂಸುತ್ತಿದ್ದ. ಆರನೆಯ ದಿನ, ಹೇಗೂ ಕಳ್ಳನೆಂದು ತಿಳಿದಿದ್ದಾನೆ, ಸೇದಿಯೇ ಬರಲೇ ಎಂದು ಟಪರಿಯ ತನಕ ಹೋದೆ. ಟಪರಿಯವನು ಕೊಡಲಿಲ್ಲವೆಂದು ಹೇಳಿದೆನಲ್ಲ, ಅದು ಅವತ್ತೇ. ಹಾಗಾಗಿ ತಾಯಂದಿರೇ, ಮಕ್ಕಳೇ, ಪೋಲೀಸರಾಗಬೇಡಿ. "ಇವತ್ತ ಎಷ್ಟ ಸಲ ಬಂತು?" ಎಂದು ಕೇಳಿರಿ. "ಸೇದಿದ್ರೇನು?" ಎಂದು ಕೇಳಬೇಡಿ.

ಇನ್ನು ನೆರೆಮನೆಯ ತಾಯಿ. ಇದನ್ನು ಹೇಳುವುದಕ್ಕೆ ನನಗೆ ಸ್ವಲ್ಪ ಸಂಕೋಚ. ಆಕೆ ಬೀಡಿ ಕಟ್ಟುವವಳು. ಮನೆಮಾತು ತೆಲುಗು, ಕಾರಖಾನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ. ಸೊಲ್ಲಾಪುರದಲ್ಲಿ ಇಂಥವರು ಸಾವಿರಗಟ್ಟಲೆ. ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರಿಗೆಂದೇ ಗೋದೂತಾಯಿ ಪರುಳೇಕರರ ಹೆಸರಿನಲ್ಲಿ 10,000 ಮನೆಗಳ ವಸಾಹತು ಆಗಿದೆ, 2006ರಲ್ಲಿ ಅವರ ಕೈಗೆ ಬಂತು. ಎಲೆ ನೆನೆಹಾಕಿ, ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಸಾವಿರಕ್ಕೆ ಇಷ್ಟು ಎಂದು ಕೂಲಿ. ತಂಬಾಕಿನ ಧೂಳಿಗೆ ಅವಳಿಗೂ ಕೆಮ್ಮು. ಅವಳಿಗೆ ಬಿಡುವ ಸುದ್ದಿ ಹೇಳುವಾಗ ನಾನು ತಲೆ ತಗ್ಗಿಸಿದ್ದೆ. ಅವಳು, "ಅಣ್ಣಾ, ನಾ ಹೊಟ್ಟಿಗಾಗಿ ಕಟ್ಟತೀನಿ. ನನ್ನ ಮಗಗ ಕೈ ಹಚ್ಚಗೊಡಂಗಿಲ್ಲ. ನೀವೂ ಸೇದಬ್ಯಾಡ್ರಿ" ಅಂದಳು. ತಾಟು ನೂಕಿದ ದಿನ ನನ್ನ ಹೆಂಡತಿ ಹೋಗಿ ಕುಳಿತದ್ದು ಅವಳ ಕಟ್ಟೆಯ ಮೇಲೆಯೇ. ಸಮಾಧಾನ ಹೇಳಿ ಕಳಿಸಿದವಳೂ ಅವಳೇ. ಎಲ್ಲರೂ ನನ್ನಂತೆ ಬಿಟ್ಟರೆ ಅವಳ ಒಲೆ ಹೇಗೆ ಉರಿಯಬೇಕು? ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೇರೆ ಕೆಲಸ ಕಲಿಸಿ ಕೊಡುವವರು ಬರಬೇಕು. ಅವಳು ಕಟ್ಟುತ್ತಾಳೆಂದು ನಾನು ಸೇದಬೇಕೆಂದು ಮಾತ್ರ ಅವಳೂ ಒಪ್ಪುವುದಿಲ್ಲ.

ಅಕ್ಕಲಕೋಟೆಯ ಸ್ನೇಹಿತನೂ ನಾನೂ ಅದೇ ಸೋಮವಾರ ಕೂಡಿಯೇ ಬಿಟ್ಟಿದ್ದೆವು. ದಿನಾ ಬೆಳಿಗ್ಗೆ ಏಳಕ್ಕೆ ಅವನು ಫೋನ್ ಮಾಡುವುದು, ರಾತ್ರಿ ನಾನು ಮಾಡುವುದು. ಒಂಬತ್ತನೆಯ ದಿನ ಬೆಳಿಗ್ಗೆ ಫೋನ್ ಬರಲಿಲ್ಲ. ನಾನು ಮಾಡಿದರೂ ಎತ್ತಲಿಲ್ಲ. ಬಸ್ಸು ಹತ್ತಿ ಅವನ ಮನೆಗೇ ಹೋದೆ. ದುಧನಿಯಲ್ಲಿ ಒಂದು ಮದುವೆಯ ಮನೆಯಲ್ಲಿ ಎರಡು ಬೀಡಿ ಸೇದಿದ್ದನಂತೆ, ನಾಚಿಕೊಂಡು ಫೋನ್ ಎತ್ತಿರಲಿಲ್ಲ. "ಎರಡ ಬೀಡಿ ಎರಡ ಬೀಡಿ ಅಷ್ಟ. ನಾಳಿ ಹತ್ತನೇ ದಿನ ಅಂತ ಬರಿ, ಒಂದನೇ ದಿನ ಅಂತ ಬರೀಬ್ಯಾಡ" ಅಂದೆ. ಅವನು ಬೀಡಿಯನ್ನು ನಿಜವಾಗಿಯೂ ಬಿಟ್ಟ. ಆದರೆ ಆರು ತಿಂಗಳಲ್ಲಿ ಸುಣ್ಣ-ತಂಬಾಕು ಹಿಡಿದ. ಹೊಗೆ ಇಲ್ಲವಲ್ಲ, ಅಪಾಯವಿಲ್ಲ ಎಂದು ಅವನ ಲೆಕ್ಕ. ನಮ್ಮ ಭಾಗದ ದೊಡ್ಡ ತಪ್ಪು ಲೆಕ್ಕ ಇದೇ. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ವಯಸ್ಕರಲ್ಲಿ ಸೇದುವವರು ನೂರಕ್ಕೆ 3.8 ಮಾತ್ರ, ಎಲ್ಲ ಬಗೆಯ ತಂಬಾಕೂ ಕೂಡಿಸಿದರೆ 26.6. ಮಿಕ್ಕವರೆಲ್ಲ ಬಾಯಲ್ಲಿ ಇಟ್ಟುಕೊಳ್ಳುವವರು, ಮಿಶ್ರಿ ತಿಕ್ಕುವ ನಮ್ಮ ಅಕ್ಕ-ತಂಗಿಯರೂ ಅದರಲ್ಲಿ ಬಂದರು. ನಮ್ಮ ಮಾಮಾ ಒಂದು ಬೀಡಿಯನ್ನೂ ಸೇದಿದವರಲ್ಲ. ಅವರು 2019ರ ಚೈತ್ರದಲ್ಲಿ ಹೋದರು.

ಮೊನ್ನೆ ಸ್ನೇಹಿತ ತಾನಾಗಿಯೇ ಫೋನ್ ಮಾಡಿದ. ಗಲ್ಲದೊಳಗೆ ಬಿಳಿ ಕಲೆ ಕಂಡಿದೆಯಂತೆ. ಡಾಕ್ಟರರಿಗೆ ತೋರಿಸಿದ್ದಾನೆ, ತಂಬಾಕು ಮೊದಲು ಬಿಡು ಎಂದಿದ್ದಾರೆ. "ನಿನ್ನ ಆ ಪುಸ್ತಕ ಐತೇನೋ?" ಎಂದು ಕೇಳಿದ. ಕಿರ್ದಿಯ ಹಿಂದಿನ ಅರ್ಧ ಪುಟಗಳು ಇನ್ನೂ ಖಾಲಿ ಇವೆ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ಬಂದು ನಾಲ್ಕು ದಿನ ನಮ್ಮಲ್ಲೇ ಇರುತ್ತಾನೆ. ಹೆಂಡತಿ ಐದು ಕಿಲೋ ಶೇಂಗಾ ತರಿಸಿಟ್ಟಿದ್ದಾಳೆ.