ಕೊಳವೆ ಬಾವಿಯ ಆಳ: ಒಂದೇ ಅಂಕಿಯನ್ನು ನಂಬಬಹುದೇ?

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಬಯಲುಸೀಮೆಯ ರೈತ ಕುಟುಂಬಕ್ಕೆ ಕೊಳವೆ ಬಾವಿ ಕೊರೆಸುವುದು ಬಹು ದೊಡ್ಡ ಖರ್ಚು. ಬಿತ್ತನೆ ಕೆಟ್ಟರೆ ಮುಂದಿನ ಹಂಗಾಮಿನಲ್ಲಿ ಸುಧಾರಿಸಿಕೊಳ್ಳಬಹುದು. ಬಾವಿ ಬರಿದಾದರೆ ಉಳಿಯುವುದು ಸಾಲ ಮಾತ್ರ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದರೂ ಬರೀ ಧೂಳು ಹಾರಿದ ಬಾವಿಗಳು ಎಷ್ಟೋ ಇವೆ. ಆದ್ದರಿಂದ ಗಾಡಿ ಹೊಲಕ್ಕೆ ಬರುವ ಮೊದಲೇ ಎರಡು ಸಂಗತಿ ತಿಳಿದಿರುವುದು ಅವಶ್ಯ: ಗಟ್ಟಿ ಕಲ್ಲು ಎಷ್ಟು ಅಡಿಗೆ ಸಿಗಬಹುದು? ಆ ಅಂದಾಜು ಎಷ್ಟರಮಟ್ಟಿಗೆ ತಪ್ಪಬಹುದು?

ನೆಲದಡಿಯ ರಚನೆ

ದಕ್ಷಿಣ ಕರ್ನಾಟಕದ ಬಹುಭಾಗದಲ್ಲಿ ನೈಸ್ ಮತ್ತು ಗ್ರಾನೈಟ್ ಶಿಲೆಗಳಿವೆ. ವಿಜಯಪುರ, ಬೀದರ್ ಕಡೆ ಬಸಾಲ್ಟ್ ಶಿಲೆಯ ಹಾಸುಗಳಿವೆ. ಇಡಿಯಾದ ಕಲ್ಲಿನಲ್ಲಿ ನೀರು ನಿಲ್ಲುವುದಿಲ್ಲ. ನೈಸ್, ಗ್ರಾನೈಟ್ ಪ್ರದೇಶದಲ್ಲಿ ನೀರು ಇರುವುದು ಮೇಲಿನ ಶಿಥಿಲ ಪದರದಲ್ಲಿ, ಇಲ್ಲವೇ ಕೆಳಗಿನ ಕಲ್ಲಿನ ಬಿರುಕುಗಳಲ್ಲಿ. ಶಿಥಿಲ ಪದರ ಕುಸಿಯದಂತೆ ಅದರ ಆಳಕ್ಕೆ ತಕ್ಕಷ್ಟು ಕೇಸಿಂಗ್ ಪೈಪು ಇಳಿಸಬೇಕಾಗುತ್ತದೆ. ಈ ಆಳ ಒಂದೇ ಹೊಲದ ಎರಡು ಮೂಲೆಗಳಲ್ಲಿಯೂ ಬೇರೆಯಾಗಿರಬಹುದು.

ವಿದ್ಯುತ್ ರೋಧ ಪರೀಕ್ಷೆ

ನೆಲಕ್ಕೆ ನಾಲ್ಕು ಸರಳುಗಳನ್ನು ನೆಟ್ಟು, ಹೊರಗಿನ ಎರಡರ ಮೂಲಕ ವಿದ್ಯುತ್ ಹರಿಸಿ, ಒಳಗಿನ ಎರಡರ ನಡುವಿನ ವ್ಯತ್ಯಾಸವನ್ನು ಅಳೆಯುವುದು ಈ ಪರೀಕ್ಷೆಯ ಕ್ರಮ. ಹೊರಗಿನ ಸರಳುಗಳ ಅಂತರ ಹೆಚ್ಚಿಸಿದಂತೆ ಹೆಚ್ಚು ಆಳದ ಮಾಹಿತಿ ದೊರೆಯುತ್ತದೆ. ಫ್ರಾನ್ಸಿನ ಕೊನ್ರಾಡ್ ಶ್ಲಂಬರ್ಜರ್ 1912ರಲ್ಲಿ ನೆಲಕ್ಕೆ ವಿದ್ಯುತ್ ಹರಿಸಿ ಪ್ರಯೋಗ ಆರಂಭಿಸಿದರು. ತೇವವುಳ್ಳ ಶಿಥಿಲ ಪದರ ವಿದ್ಯುತ್ತನ್ನು ಸುಲಭವಾಗಿ ಹರಿಯಬಿಡುತ್ತದೆ. ಗಟ್ಟಿ ಕಲ್ಲು ತಡೆಯುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಪದರಗಳ ದಪ್ಪ ಬೇರೆ ಬೇರೆಯಾಗಿದ್ದರೂ ಅಳತೆ ಒಂದೇ ರೀತಿ ಬರಬಹುದು. ತೂಕ ಒಂದೇ ಇದ್ದ ಮಾತ್ರಕ್ಕೆ ಎರಡು ಚೀಲಗಳಲ್ಲಿಯೂ ಒಂದೇ ಧಾನ್ಯವಿದೆ ಎನ್ನಲಾಗದಲ್ಲವೇ? ಹೀಗಾಗಿ '90 ಅಡಿಗೆ ಕಲ್ಲು' ಎಂಬ ಒಂದೇ ಅಂಕಿ ಅರ್ಧ ಮಾತು ಮಾತ್ರ.

ಯಂತ್ರಕಲಿಕೆಯ ನೆರವು

ಇದಕ್ಕೆ ಈಗ ಕಂಪ್ಯೂಟರಿನ ಯಂತ್ರಕಲಿಕೆ ವಿಧಾನ ನೆರವಾಗುತ್ತಿದೆ. ಈಗಾಗಲೇ ಕೊರೆದ ಬಾವಿಗಳ ಸ್ಥಳ, ಎತ್ತರ, ಶಿಲೆಯ ಜಾತಿ, ರೋಧದ ಅಳತೆ ಮತ್ತು ಕಲ್ಲು ನಿಜವಾಗಿ ಸಿಕ್ಕ ಆಳ, ಇವನ್ನೆಲ್ಲ ಅದಕ್ಕೆ ಒದಗಿಸಲಾಗುತ್ತದೆ. ಇವುಗಳ ನಡುವಿನ ಸಂಬಂಧವನ್ನು ಅದು ಗುರುತಿಸಿ ಹೊಸ ಸ್ಥಳಕ್ಕೆ ಅಂದಾಜು ಕೊಡುತ್ತದೆ.

ಲಿಯೋ ಬ್ರೈಮನ್ 2001ರಲ್ಲಿ ಪ್ರಕಟಿಸಿದ 'ರ‍್ಯಾಂಡಮ್ ಫಾರೆಸ್ಟ್' ಇಂತಹ ಒಂದು ವಿಧಾನ. ಊರಿನ ನೂರು ಮಂದಿ ಅನುಭವಸ್ಥರನ್ನು ಬೇರೆ ಬೇರೆಯಾಗಿ ವಿಚಾರಿಸಿದಂತೆ ಇದು ನೂರಾರು ನಿರ್ಣಯ ವೃಕ್ಷಗಳಿಂದ ಉತ್ತರ ಪಡೆಯುತ್ತದೆ. 2006ರಲ್ಲಿ ಇದನ್ನೇ ಮುಂದುವರಿಸಿ, ಒಂದು ಅಂಕಿಯ ಬದಲು ಕೆಳಮಿತಿ ಮತ್ತು ಮೇಲ್ಮಿತಿ ಕೊಡುವ ಕ್ರಮವೂ ಬಂದಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದ ಡ್ಯಾನಿ ಕ್ರಿಗೆ ಅವರ ಹೆಸರಿನ 'ಕ್ರಿಗಿಂಗ್' ವಿಧಾನವೂ ಇದೇ ಕೆಲಸಕ್ಕೆ ಬಳಕೆಯಲ್ಲಿದೆ. ಅಳೆದ ಬಾವಿಗಳು ಹತ್ತಿರವಿದ್ದರೆ ಮಿತಿ ಕಿರಿದಾಗುತ್ತದೆ, ದೂರವಿದ್ದರೆ ಹಿಗ್ಗುತ್ತದೆ.

ಮಿತಿಯನ್ನು ಬಳಸುವುದು ಹೇಗೆ?

ಉದಾಹರಣೆಗೆ, ಎರಡು ಹೊಲಗಳಲ್ಲಿಯೂ ಕಲ್ಲಿನ ಆಳದ ಅಂದಾಜು 90 ಅಡಿ ಎಂದಿರಲಿ. ಶೇಕಡ 80ರ ಭರವಸೆಯ ಮಿತಿ ಮೊದಲನೆಯದಕ್ಕೆ 80ರಿಂದ 100 ಅಡಿ, ಎರಡನೆಯದಕ್ಕೆ 50ರಿಂದ 150 ಅಡಿ. ಮೊದಲನೆಯ ರೈತನು 100 ಅಡಿ ಕೇಸಿಂಗಿಗೆ ಸಿದ್ಧನಾದರೆ ಬಹುತೇಕ ಸಾಕು. ಎರಡನೆಯವನು 90 ಅಡಿಯ ಲೆಕ್ಕದಲ್ಲಿ ಹಣ ಹೊಂದಿಸಿದರೆ ಕೊರೆತದ ನಡುವೆ ಕೈಸಾಲಕ್ಕೆ ಓಡಬೇಕಾದೀತು. ಆತನು ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು, ಇಲ್ಲವೇ ಬಳಸಿದಷ್ಟೇ ಪೈಪಿಗೆ ಹಣ ಕೊಡುವ ಕರಾರು ಮಾಡಿಕೊಳ್ಳುವುದು ಲೇಸು.

ಯಂತ್ರದ ಮಾತನ್ನೂ ಪರೀಕ್ಷಿಸಬೇಕು. ಕಲಿಕೆಗೆ ಬಳಸದ 100 ಬಾವಿಗಳಲ್ಲಿ ಸುಮಾರು 80 ಈ ಮಿತಿಯೊಳಗೆ ಬಂದರೆ ಅದು ಸರಿ. 50 ಮಾತ್ರ ಬಂದರೆ ಯಂತ್ರಕ್ಕೆ ಅತಿ ವಿಶ್ವಾಸವಿದೆ ಎಂದರ್ಥ. ಪರೀಕ್ಷೆಯ ಬಾವಿಗಳು ಬೇರೆ ಊರಿನವೂ ಆಗಿರಬೇಕು. ಪಕ್ಕದ ಹೊಲದ ಬಾವಿಯಲ್ಲಿ ಗೆಲ್ಲುವುದು ಸುಲಭ.

ಎಚ್ಚರಿಕೆಗಳು

ಕಲ್ಲಿನ ಆಳ ತಿಳಿದರೆ ನೀರು ಸಿಕ್ಕಂತಲ್ಲ. ಆಳದ ಕಿರಿದಾದ ಬಿರುಕನ್ನು ಮೇಲಿನಿಂದ ಗುರುತಿಸುವುದು ಬಲು ಕಷ್ಟ. ನೈಸ್ ಶಿಲೆಯಲ್ಲಿ ಕಲಿತ ಯಂತ್ರವನ್ನು ಬಸಾಲ್ಟ್ ನೆಲಕ್ಕೆ ಹಾಗೆಯೇ ಒಯ್ಯಬಾರದು. ಬತ್ತಿದ ಬಾವಿಗಳನ್ನು ಬಿಟ್ಟು ನೀರು ಬಂದವನ್ನಷ್ಟೇ ದಾಖಲಿಸಿದರೆ ಯಂತ್ರ ಎಲ್ಲೆಲ್ಲೂ ನೀರಿದೆ ಎಂದೇ ಹೇಳುತ್ತದೆ.

ರೈತರು ಮಾಡತಕ್ಕ ಕೆಲಸ

1. ಪರೀಕ್ಷೆ ಮಾಡಿದವರಿಂದ ಆಳದ ಅಂಕಿಯ ಜೊತೆಗೆ ಕೆಳಮಿತಿ, ಮೇಲ್ಮಿತಿಗಳನ್ನೂ ಬರೆಸಿಕೊಳ್ಳಿ.

2. ಎಷ್ಟು ಅಡಿಗೆ ನಿಲ್ಲಿಸಬೇಕೆಂಬುದನ್ನು ಮನೆಯವರೊಡನೆ ಮೊದಲೇ ತೀರ್ಮಾನಿಸಿ. ಗಾಡಿ ಓಡುತ್ತಿರುವಾಗ 'ಇನ್ನೊಂದು ಐವತ್ತು ಅಡಿ' ಎಂಬ ಆಸೆಗೆ ಕೊನೆಯಿಲ್ಲ.

3. ಕೊರೆಯುವಾಗ ಮಣ್ಣು, ಕಲ್ಲು ಬದಲಾದ ಆಳ, ಕೇಸಿಂಗಿನ ಉದ್ದ, ನೀರು ಕಂಡ ಆಳ ಇವನ್ನು ಬರೆದಿಡಿ. ಬಾವಿ ಬತ್ತಿದರೆ ಆ ವರ್ಷವನ್ನೂ ಸೇರಿಸಿ.

4. ಅಧಿಸೂಚಿತ ಪ್ರದೇಶಗಳಲ್ಲಿ 2011ರ ಕರ್ನಾಟಕ ಅಂತರ್ಜಲ ಅಧಿನಿಯಮದಂತೆ ಅನುಮತಿ ಪಡೆಯಿರಿ.

5. ವಿಫಲವಾದ ಬಾವಿಯ ಬಾಯಿಯನ್ನು ಅಂದೇ ಭದ್ರವಾಗಿ ಮುಚ್ಚಿ.

ವಿಸ್ತರಣಾ ಕಾರ್ಯಕರ್ತರು ಹಳ್ಳಿಯ ಬಾವಿಗಳ ವಿವರವನ್ನು ಒಂದು ಪುಸ್ತಕದಲ್ಲಿ ಸಂಗ್ರಹಿಸಿದರೆ ಅದೇ ದೊಡ್ಡ ಉಪಕಾರ. ಯಂತ್ರ ಎಷ್ಟೇ ಚುರುಕಾಗಿದ್ದರೂ ರೈತನು ಬರೆದಿಡದ ಬಾವಿಯಿಂದ ಅದು ಏನನ್ನೂ ಕಲಿಯಲಾರದು. ನೆರೆಯವನ ಬರಿದಾದ ಬಾವಿಯ ಲೆಕ್ಕ ಸರಿಯಾಗಿ ದಾಖಲಾದರೆ, ಮತ್ತೊಬ್ಬ ರೈತನು ಸಾಲಕ್ಕೆ ಬೀಳುವುದು ತಪ್ಪಬಹುದು.