ಚಿಟ್ಟೆಯ ವೇಷ, ಚಿಟ್ಟೆಯ ವಂಶ

(ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲೂಕುಗಳ ಕಲಿಕಾ ಬಂಧುಗಳ ಮುಂದೆ ಆಡಿದ ಮಾತು)



ಇವತ್ತು ಪಾತರಗಿತ್ತಿಯ ವಿಷಯ ಮಾತಾಡೋಣ. ಕೆಲವರು ಚಿಟ್ಟೆ ಅನ್ನುತ್ತೀರಿ. ಜೋಯಿಡಾ ಕಡೆ ಕೊಂಕಣಿ, ಮರಾಠಿ ಆಡುವವರು ಬೇರೆ ಹೆಸರು ಹೇಳುತ್ತೀರಿ. ಯಾವ ಹೆಸರಾದರೂ ಆಗಲಿ.

ಜಗತ್ತಿನಲ್ಲಿ ಸುಮಾರು 19,000 ಜಾತಿಯ ಚಿಟ್ಟೆಗಳಿವೆ. ನಮ್ಮ ಸಹ್ಯಾದ್ರಿ ಬೆಟ್ಟಸಾಲಿನಲ್ಲೇ ಸುಮಾರು 330 ಜಾತಿ. ನಮ್ಮ ನಾಲ್ಕು ತಾಲೂಕು ಈ ಬೆಟ್ಟಸಾಲಿನ ಮೈಮೇಲೂ ಬುಡದಲ್ಲೂ ಇವೆ. ಜೋಯಿಡಾದಲ್ಲಿ ಜೋರು ಮಳೆ, ದಟ್ಟ ಕಾಡು. ಮೂಡಣಕ್ಕೆ ಬಂದ ಹಾಗೆ ಮಳೆ ಕಡಿಮೆ. ಹಳಿಯಾಳ, ಮುಂಡಗೋಡದ ಕಡೆ ಸಾಗವಾನಿ, ಬಿದಿರು, ಭತ್ತದ ಗದ್ದೆ. ನೆಲ ಬದಲಾದಂತೆ ಗಿಡ ಬದಲಾಗುತ್ತದೆ. ಗಿಡ ಬದಲಾದಂತೆ ಚಿಟ್ಟೆಯೂ ಬದಲಾಗುತ್ತದೆ.

ಇಲ್ಲಿ ಜಾತಿ ಅಂದರೆ ನಾವು ಜಗಳ ಆಡುವ ಜಾತಿ ಅಲ್ಲ. ತಮ್ಮತಮ್ಮಲ್ಲೇ ಕೂಡಿ ಮರಿ ಮಾಡುವ ಒಂದು ಬಳಗ. ಆ ಲೆಕ್ಕದಲ್ಲಿ ಸಿದ್ದಿ, ಗೌಳಿ, ಕುಣಬಿ, ಮುಂಡಗೋಡದ ಟಿಬೆಟಿನವರು, ನಾನು, ನೀವು, ಎಲ್ಲರೂ ಒಂದೇ ಜಾತಿ.

"ಇಷ್ಟು ಜಾತಿ ಅಂತ ಹೆಂಗ ಎಣಿಸಿದ್ರಿ?" ಎಂದು ನೀವು ಕೇಳಬಹುದು. ಬಹಳ ಕಾಲ ರೆಕ್ಕೆ ನೋಡಿಯೇ ಎಣಿಸಿದರು. ಬಣ್ಣ ಬೇರೆ ಇದ್ದರೆ ಜಾತಿ ಬೇರೆ ಎಂದು ಬರೆದುಕೊಂಡರು. ಆದರೆ ರೆಕ್ಕೆ ಯಾವಾಗಲೂ ನಿಜ ಹೇಳುವುದಿಲ್ಲ. ಅದನ್ನು ನಿಮ್ಮ ಹಿತ್ತಲಿನಲ್ಲೇ ನೋಡಬಹುದು.

ಹಿತ್ತಲಿನಲ್ಲಿ ಕರಿಬೇವು, ನಿಂಬೆ ಇದ್ದೇ ಇರುತ್ತವೆ. ಅವುಗಳ ಎಲೆಯ ಮೇಲೆ ಒಂದು ಹುಳ ಇರುತ್ತದೆ. ಸಣ್ಣದಿದ್ದಾಗ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ. ದೊಡ್ಡದಾದರೆ ಹಸಿರು. ಮುಟ್ಟಿದರೆ ತಲೆಯಿಂದ ಕೆಂಪು ಕೋಡು ಹೊರಗೆ ಹಾಕಿ ವಾಸನೆ ಬಿಡುತ್ತದೆ. ಇದು ಬೆಳೆದು ಕಪ್ಪು ಚಿಟ್ಟೆ ಆಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕಾಮನ್ ಮಾರ್ಮನ್ ಅನ್ನುತ್ತಾರೆ. ನಾವು ಕರಿಬೇವಿನ ಚಿಟ್ಟೆ ಅನ್ನೋಣ.

ಇದರ ಗಂಡಿಗೆ ಒಂದೇ ವೇಷ. ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯಲ್ಲಿ ಬಿಳಿ ಚುಕ್ಕೆಯ ಸಾಲು. ಹೆಣ್ಣಿಗೆ ಮೂರು ವೇಷ. ಒಂದು ಹೆಣ್ಣು ಗಂಡಿನ ಹಾಗೇ ಇರುತ್ತದೆ. ಇನ್ನೊಂದಕ್ಕೆ ಹಿಂದಿನ ರೆಕ್ಕೆಯಲ್ಲಿ ಬಿಳಿ ಮಚ್ಚೆ, ಅಂಚಿಗೆ ಕೆಂಪು. ಮೂರನೆಯದಕ್ಕೆ ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆಗಳು. ನೋಡಿದವರು ಮೂರು ಬೇರೆ ಚಿಟ್ಟೆ ಎಂದೇ ಹೇಳುತ್ತಾರೆ. ಹಳೆಯ ಪಂಡಿತರೂ ಹಾಗೇ ತಿಳಿದು ಬೇರೆ ಬೇರೆ ಹೆಸರು ಕೊಟ್ಟಿದ್ದರು.

ಹೆಣ್ಣಿಗೆ ಯಾಕೆ ಈ ವೇಷ? ಅದು ತಿಳಿಯಬೇಕಾದರೆ ಬೇಲಿಯ ಕಡೆ ಹೋಗಬೇಕು.

ಬೇಲಿಯಲ್ಲಿ ಈಶ್ವರಿ ಬಳ್ಳಿ ಹಬ್ಬಿರುತ್ತದೆ. ಅದರ ಎಲೆಯಲ್ಲಿ ವಿಷ ಇದೆ. ಆ ಎಲೆಯನ್ನೇ ತಿಂದು ಬೆಳೆಯುವ ಎರಡು ಚಿಟ್ಟೆಗಳಿವೆ. ಇಂಗ್ಲಿಷಿನಲ್ಲಿ ಒಂದರ ಹೆಸರು ಕಾಮನ್ ರೋಸ್, ಇನ್ನೊಂದರದು ಕ್ರಿಮ್ಸನ್ ರೋಸ್. ಎಲೆಯ ವಿಷ ಇವುಗಳ ಮೈಯಲ್ಲೇ ಉಳಿಯುತ್ತದೆ. ಹಕ್ಕಿ ಒಂದು ಸಲ ಹಿಡಿದರೆ ಬಾಯಿ ಕೆಟ್ಟು ಉಗುಳುತ್ತದೆ. ಆಮೇಲೆ ಆ ಕೆಂಪು ಬಿಳಿ ಬಣ್ಣ ಕಂಡರೆ ದೂರ ಇರುತ್ತದೆ. ಕರಿಬೇವಿನ ಚಿಟ್ಟೆಯ ಮೈಯಲ್ಲಿ ಈ ವಿಷ ಇಲ್ಲ. ಅದರ ಎರಡು ಬಗೆಯ ಹೆಣ್ಣುಗಳು ಈ ಎರಡು ವಿಷದ ಚಿಟ್ಟೆಗಳ ವೇಷ ಹಾಕಿವೆ. ಹಾರುವುದೂ ಅವುಗಳ ಹಾಗೇ, ನಿಧಾನ. ಬಯಲಾಟದಲ್ಲಿ ಪಾಪದ ಮನುಷ್ಯ ರಾಕ್ಷಸನ ವೇಷ ಹಾಕಿದ ಹಾಗೆ. ಆದರೆ ವೇಷ ರೆಕ್ಕೆಗೆ ಮಾತ್ರ. ಮೈ ನೋಡ್ರಿ. ವಿಷದ ಚಿಟ್ಟೆಯ ಮೈಯಲ್ಲಿ ಕೆಂಪು ಬಣ್ಣ ಎದ್ದು ಕಾಣುತ್ತದೆ. ವೇಷದ ಹೆಣ್ಣಿನ ಮೈ ಕಪ್ಪು.

ಈಶ್ವರಿ ಬಳ್ಳಿಯ ಹೆಸರು ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಹಾವು ಕಚ್ಚಿದರೆ ಇದರ ಬೇರು ಅರೆದು ಕುಡಿಸುವ ರೂಢಿ ಇದೆ. ದಯವಿಟ್ಟು ಕುಡಿಸಬೇಡಿ. ಇದರಲ್ಲಿರುವ ವಿಷ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ. ಹಾವು ಕಚ್ಚಿದವರನ್ನು ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಾವಿನ ವಿಷಕ್ಕೆ ಇಳಿಸುವ ಇಂಜೆಕ್ಷನ್ ಇರುವುದು ಅಲ್ಲಿ. ಬಳ್ಳಿ ಚಿಟ್ಟೆಗೆ ಇರಲಿ.

ಈಗ ಮೂರು ವೇಷದ ಗುಟ್ಟಿಗೆ ಬರೋಣ. 1913ರಲ್ಲಿ ಫ್ರೈಯರ್ ಎಂಬ ವಿಜ್ಞಾನಿ ತಾನು ಸಿಂಹಳದಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಮಾಡಿದ ಕೆಲಸದ ವಿವರ ಬರೆದ. ಆತ ಈ ಚಿಟ್ಟೆಗಳನ್ನು ಸಾಕಿ, ತಾಯಿ ಯಾರು, ಮಕ್ಕಳು ಯಾರು ಎಂದು ಲೆಕ್ಕ ಇಟ್ಟಿದ್ದ. ಒಂದೇ ತಾಯಿಯ ಮೊಟ್ಟೆಯಿಂದ ಬೇರೆ ಬೇರೆ ವೇಷದ ಹೆಣ್ಣುಮಕ್ಕಳು ಹುಟ್ಟಿದವು. ವೇಷ ವಂಶದಿಂದಲೇ ಬರುತ್ತದೆ ಎಂದು ಗೊತ್ತಾಯಿತು. ವಂಶದ ಯಾವ ಭಾಗದಿಂದ? ಅದು ತಿಳಿಯಲು ಇನ್ನೂ 100 ವರ್ಷ ಬೇಕಾಯಿತು.

ಪ್ರತಿ ಜೀವಿಯ ಮೈಯಲ್ಲೂ ಕಣ್ಣಿಗೆ ಕಾಣದ ಒಂದು ಎಳೆ ಇದೆ. ಅದೇ ಡಿ.ಎನ್.ಎ. ಮೈ ಹೇಗಿರಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ನೀವು ಕನ್ನಡದ 49 ಅಕ್ಷರ ಕಲಿತಿದ್ದೀರಿ. ಡಿ.ಎನ್.ಎ.ಯಲ್ಲಿ ಇರುವುದು ನಾಲ್ಕೇ ಅಕ್ಷರ. ನಾಲ್ಕನ್ನೇ ಹಿಂದೆ ಮುಂದೆ ಜೋಡಿಸಿ ಆನೆಯನ್ನೂ ಬರೆಯಬಹುದು, ಅಣಬೆಯನ್ನೂ ಬರೆಯಬಹುದು. ಕರಿಬೇವಿನ ಚಿಟ್ಟೆಯ ಬರಹದಲ್ಲಿ 20 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಬರಹದಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಭಾಗ. ಅಂಥ ಭಾಗಕ್ಕೆ ಜೀನು ಅನ್ನುತ್ತಾರೆ. ವಂಶವಾಹಿ ಅಂತಲೂ ಹೇಳುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ, ಅಮೆರಿಕದ ಮಾರ್ಕಸ್ ಕ್ರಾನ್‌ಫೋರ್ಸ್ಟ್ ಮತ್ತು ಅವರ ಸಂಗಡಿಗರು ಈ ಬರಹ ಓದಿದರು. 2014ರಲ್ಲಿ ಅದರ ಫಲ ಪ್ರಕಟಿಸಿದರು. ಬಿಳಿ ಪಟ್ಟೆಗೆ ಒಂದು, ಕೆಂಪು ಚುಕ್ಕೆಗೆ ಒಂದು, ಹೀಗೆ ಅಕ್ಕಪಕ್ಕ ಹಲವು ಜೀನುಗಳು ಇರಬೇಕು ಎಂದು ಹಿಂದಿನವರು ಊಹಿಸಿದ್ದರು. ಸಿಕ್ಕಿದ್ದು ಒಂದೇ ಜೀನು! ಹುಳುಗಳಲ್ಲಿ ಗಂಡು ಮೈ, ಹೆಣ್ಣು ಮೈ ಯಾವುದು ಎಂದು ತೀರ್ಮಾನಿಸುವ ಜೀನು ಒಂದಿದೆ. ಅದೇ ಈ ಚಿಟ್ಟೆಯಲ್ಲಿ ಹೆಣ್ಣಿನ ವೇಷವನ್ನೂ ತೀರ್ಮಾನಿಸುತ್ತಿತ್ತು. ಮರುವರ್ಷ ಜಪಾನಿನ ವಿಜ್ಞಾನಿಗಳೂ ಇದೇ ಜೀನನ್ನು ತೋರಿಸಿದರು.

ಇನ್ನೊಂದು ಸೋಜಿಗ ನೋಡ್ರಿ. ವೇಷದ ಹೆಣ್ಣಿನಲ್ಲಿ ಬರಹದ ಆ ತುಂಡು ತಿರುವುಮುರುವು ಆಗಿದೆ. ಸಿದ್ದಿ ಅಕ್ಕಂದಿರು ಕೌದಿ ಹೊಲಿಯುವುದನ್ನು ನೆನೆಯಿರಿ. ಎರಡು ಕೌದಿಯ ತುಂಡುಗಳನ್ನು ಬೆರೆಸಿದರೆ ಇದರ ಚಿತ್ತಾರವೂ ಉಳಿಯುವುದಿಲ್ಲ, ಅದರದೂ ಉಳಿಯುವುದಿಲ್ಲ. ತಾಯಿಯ ಎಳೆ, ತಂದೆಯ ಎಳೆ ಪ್ರತಿ ತಲೆಮಾರಿನಲ್ಲೂ ಹೀಗೆ ತುಂಡು ಬದಲಾಯಿಸಿಕೊಳ್ಳುತ್ತವೆ. ಒಂದು ತುಂಡು ತಿರುಗಿ ಕೂತಿದ್ದರೆ ಆ ಜಾಗದಲ್ಲಿ ಎರಡೂ ಎಳೆ ಸರಿಯಾಗಿ ಹೊಂದುವುದಿಲ್ಲ. ಬೆರಕೆ ಆಗುವುದಿಲ್ಲ. ಹೀಗಾಗಿ ವೇಷ ಅರ್ಧ ಆಗದೆ ಇಡಿಯಾಗಿ ಮಗಳಿಗೆ ಬರುತ್ತದೆ. ಅರ್ಧ ವೇಷ ಹಾಕಿದ ಹೆಣ್ಣನ್ನು ಹಕ್ಕಿ ಬಿಡುತ್ತದೆಯೇ?

ಗಂಡಿನಲ್ಲೂ ಈ ಜೀನು ಇರುತ್ತದೆ, ಆದರೆ ತೋರುವುದಿಲ್ಲ. ಎಮ್ಮೆ ಸಾಕುವ ಗೌಳಿ ಅಣ್ಣಂದಿರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಕೋಣ ಹಾಲು ಕೊಡುವುದಿಲ್ಲ. ಆದರೂ ಹೆಚ್ಚು ಹಾಲು ಕೊಡುವ ಎಮ್ಮೆಯ ಕರುವನ್ನೇ ಕೋಣ ಮಾಡಿಕೊಳ್ಳುತ್ತೀರಿ. ಹಾಲಿನ ಗುಣ ಅದರ ಮೂಲಕ ಮಗಳಿಗೆ ದಾಟುತ್ತದೆ.

ಹಾಗಾದರೆ ಎಲ್ಲ ಹೆಣ್ಣುಗಳೂ ಯಾಕೆ ವೇಷ ಹಾಕಲಿಲ್ಲ? ಸಂತೆಯಲ್ಲಿ ಒಂದೆರಡು ಖೋಟಾ ನೋಟು ಇದ್ದರೆ ನಡೆದುಹೋಗುತ್ತದೆ. ಸಂತೆಯ ತುಂಬ ಖೋಟಾ ನೋಟು ಬಂದರೆ ಯಾರೂ ಮೋಸ ಹೋಗುವುದಿಲ್ಲ. ವೇಷದವು ಹೆಚ್ಚಾಗಿ ವಿಷದವು ಕಡಿಮೆಯಾದರೆ, ಈ ಬಣ್ಣದ್ದನ್ನು ತಿನ್ನಬಹುದು ಎಂದು ಹಕ್ಕಿ ಕಲಿಯುತ್ತದೆ. ಕಳೆದ ಶತಮಾನದಲ್ಲಿ ಜಪಾನಿನ ಮಿಯಾಕೊ ದ್ವೀಪಕ್ಕೆ ಕಾಮನ್ ರೋಸ್ ಹೊಸದಾಗಿ ಬಂದು ನೆಲೆಸಿತು. ಅದಾದ ಮೇಲೆ ಅಲ್ಲಿ ವೇಷದ ಹೆಣ್ಣುಗಳ ಪಾಲು ಏರಿತು. ವಿಕಾಸ ಅಂದರೆ ಇದೇ. ಚಿಟ್ಟೆ ಮನಸ್ಸು ಮಾಡಿ ವೇಷ ಹಾಕಲಿಲ್ಲ. ಆ ಬರಹ ಇದ್ದವು ಹಕ್ಕಿಯ ಬಾಯಿಂದ ಹೆಚ್ಚು ಉಳಿದವು, ಮೊಟ್ಟೆ ಇಟ್ಟವು.

ಇಲ್ಲಿ ನಮ್ಮ ಸಂಗತಿಯೂ ಇದೆ. ಬೇಲಿ ಸವರುವಾಗ ಈಶ್ವರಿ ಬಳ್ಳಿಯನ್ನು ಬೇರುಸಹಿತ ಕಿತ್ತರೆ ವಿಷದ ಚಿಟ್ಟೆಗೆ ಊಟ ಇಲ್ಲ. ಅದು ಹೋದರೆ ಕರಿಬೇವಿನ ಗಿಡದಲ್ಲಿ ಹುಟ್ಟಿದ ಹೆಣ್ಣಿನ ವೇಷಕ್ಕೆ ಬೆಲೆ ಇಲ್ಲ. ಕರ್ನಾಟಕದ ರಾಜ್ಯ ಚಿಟ್ಟೆ, ಆ ದೊಡ್ಡ ಹಳದಿ ಕಪ್ಪು ಚಿಟ್ಟೆ ಇದೆಯಲ್ಲ, ಅದರ ಹುಳಕ್ಕೂ ಈ ಬಳ್ಳಿಯ ಬಳಗವೇ ಊಟ.

ಬಣ್ಣ ಬೇರೆಯಾದರೂ ಜಾತಿ ಒಂದೇ ಇರಬಹುದು ಎಂದು ನೋಡಿದಿರಿ. ಇದಕ್ಕೆ ತಿರುಗಾ ಕೂಡ ಇದೆ. ದೂರದ ಕೋಸ್ಟರಿಕಾ ದೇಶದಲ್ಲಿ ಒಂದು ಕಂದು ನೀಲಿ ಚಿಟ್ಟೆ. ಎಲ್ಲರೂ ಒಂದೇ ಜಾತಿ ಎಂದುಕೊಂಡಿದ್ದರು. ಆ ಊರಿನ ಸಾಮಾನ್ಯ ಜನ ಹುಳ ಹೆಕ್ಕಿ, ಸಾಕಿ, ಯಾವ ಹುಳ ಯಾವ ಎಲೆ ತಿಂತು ಎಂದು ವರ್ಷಾನುಗಟ್ಟಲೆ ಬರೆದಿಟ್ಟರು. ಹುಳಗಳ ಬಣ್ಣ ಬೇರೆ, ತಿನ್ನುವ ಎಲೆ ಬೇರೆ. ಆಮೇಲೆ ಚಿಟ್ಟೆಯ ಒಂದು ಕಾಲು ತೆಗೆದು ಅದರ ಡಿ.ಎನ್.ಎ. ಓದಿದರು. 2004ರಲ್ಲಿ ವಿಜ್ಞಾನಿಗಳು ಇದು ಒಂದಲ್ಲ, ಹತ್ತು ಜಾತಿ ಎಂದು ಬರೆದರು. ಹತ್ತೇ ಹೌದೋ ಎಂದು ಪಂಡಿತರಲ್ಲಿ ವಾದ ನಡೆಯಿತು. ಒಂದೇ ಅಲ್ಲ ಎಂಬುದಂತೂ ಖರೆ. ಹುಳ ಸಾಕಿ ಲೆಕ್ಕ ಬರೆದವರು ಇಲ್ಲದಿದ್ದರೆ ಬರೀ ಡಿ.ಎನ್.ಎ.ಯಿಂದ ಇಷ್ಟು ತಿಳಿಯುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಹಾಗಂತ ಎಲ್ಲ ವೇಷವೂ ಜೀನಿನ ಬೇರೆತನದಿಂದಲೇ ಬರುವುದಿಲ್ಲ. ಸಂಜೆ ಹೊತ್ತು ದೀಪಕ್ಕೆ ಬರುವ ಒಂದು ಕಂದು ಚಿಟ್ಟೆ ಇದೆ. ಅದರ ಹುಳ ಭತ್ತದ ಎಲೆ ತಿನ್ನುತ್ತದೆ. ಮಳೆಗಾಲದಲ್ಲಿ ಹುಟ್ಟಿದರೆ ರೆಕ್ಕೆಯ ಮೇಲೆ ಕಣ್ಣಿನಂಥ ಚುಕ್ಕೆ. ಬೇಸಿಗೆಯಲ್ಲಿ ಹುಟ್ಟಿದರೆ ಒಣಗಿದ ಎಲೆಯ ಹಾಗೆ. ಬರಹ ಒಂದೇ, ಹವೆ ನೋಡಿ ಓದುವ ರೀತಿ ಬೇರೆ.

ಇನ್ನು ಚಿಟ್ಟೆಗಳ ಮೂಲ ಎಲ್ಲಿ? ನಿಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬರು ಒಂದು ಸಾಲು ಬರೆಯಲಿ. ಅದನ್ನು ನೋಡಿ ಮತ್ತೊಬ್ಬರು, ಅವರದನ್ನು ನೋಡಿ ಮಗದೊಬ್ಬರು ಬರೆಯಲಿ. ಒಬ್ಬರು ಒತ್ತಕ್ಷರ ಬಿಟ್ಟರೆ ಅವರದನ್ನು ನೋಡಿ ಬರೆದವರೆಲ್ಲ ಅದನ್ನೇ ಬಿಡುತ್ತಾರೆ. ತಪ್ಪು ನೋಡಿದರೆ ಯಾರದನ್ನು ನೋಡಿ ಯಾರು ಬರೆದರು ಎಂದು ಹೇಳಬಹುದು. ಡಿ.ಎನ್.ಎ. ನಕಲಾಗುವಾಗಲೂ ಹೀಗೆ ಅಕ್ಷರ ಬದಲಾಗುತ್ತವೆ. ಸುಮಾರು 2,300 ಜಾತಿಗಳ ಬರಹವನ್ನು ಹೀಗೆ ಹೋಲಿಸಿ ವಿಜ್ಞಾನಿಗಳು ಚಿಟ್ಟೆಗಳ ವಂಶವೃಕ್ಷ ಬರೆದರು. 2023ರಲ್ಲಿ ಅದು ಪ್ರಕಟವಾಯಿತು. ಅದರ ಪ್ರಕಾರ ಸುಮಾರು 10 ಕೋಟಿ ವರ್ಷದ ಹಿಂದೆ, ಅಮೆರಿಕ ಖಂಡದ ಕಡೆ, ರಾತ್ರಿ ಹಾರುವ ಪತಂಗಗಳ ಒಂದು ಕವಲು ಹಗಲು ಹಾರಲು ತೊಡಗಿತು. ಅವುಗಳ ಮೊದಲ ಊಟ ಬಹುಶಃ ತೊಗರಿ, ಅವರೆಯಂಥ ಕಾಯಿ ಬಿಡುವ ಬಳಗದ ಗಿಡಗಳು.

ಈ ಮಳೆಗಾಲದಲ್ಲಿ ಕರಿಬೇವಿನ ಗಿಡದಲ್ಲಿ ಹುಳ ಕಂಡರೆ ಔಷಧ ಹೊಡೆಯಬೇಡಿ. ಗಿಡ ಚಿಕ್ಕದಿದ್ದರೆ ಹುಳವನ್ನು ಎಲೆಸಮೇತ ತೆಗೆದು ದೊಡ್ಡ ಗಿಡಕ್ಕೆ ಬಿಡಿ. ಒಂದು ನಾಲ್ಕು ಹುಳವನ್ನು ತೂತು ಮಾಡಿದ ಡಬ್ಬಿಯಲ್ಲಿಟ್ಟು ದಿನಾ ತಾಜಾ ಎಲೆ ಹಾಕಿ. ಅವು ಕೋಶ ಕಟ್ಟುತ್ತವೆ. ಒಂದೆರಡು ವಾರದಲ್ಲಿ ಚಿಟ್ಟೆ ಹೊರಗೆ ಬರುತ್ತದೆ. ರೆಕ್ಕೆ ಒಣಗುವ ತನಕ ಮುಟ್ಟಬೇಡಿ. ಯಾವ ವೇಷ ಬಂತು, ಮೈ ಯಾವ ಬಣ್ಣ, ತಾರೀಖು ಎಷ್ಟು ಎಂದು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದು, ಹಾರಲು ಬಿಡಿ.