ಬುತ್ತಿ ಕಟ್ಟಿಕೊಂಡು ಹೊರಟರೆ

(ಸಂಘದ ಕುಟುಂಬ ಸಮ್ಮೇಲನದಲ್ಲಿ ವಿಹಾರ ಸಮಿತಿಯ ಪರವಾಗಿ ಮಾಡಿದ ಭಾಷಣ)



ಈ ಸಂಜೆ ನಮಗೆ ಕೊಟ್ಟಿರುವ ವಿಷಯ ‘ಮುಂಬಯಿಯಲ್ಲಿ ಅಲ್ಪ ವೆಚ್ಚದ ವಿಹಾರ’ ಎಂಬುದು. ಕಾರ್ಯದರ್ಶಿಗಳು ಇದನ್ನು ತಿಳಿಸಿದಾಗ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, “ಮುಂಬಯಿಯಲ್ಲಿ ಅಲ್ಪ ವೆಚ್ಚದ್ದು ಎಂದರೆ ಉಸಿರಾಟ ಒಂದೇ, ಅದೂ ದಾದರ್ ಸ್ಟೇಷನ್ನಿನಲ್ಲಿ ಕಷ್ಟ” ಎಂದು ನಕ್ಕರು. ಅವರ ಮಾತನ್ನು ತಳ್ಳಿಹಾಕಲಾಗುವುದಿಲ್ಲ. ಆದರೂ ಕಳೆದ ಕೆಲವು ವರ್ಷಗಳ ಅಲೆದಾಟದಲ್ಲಿ ನಾವು ಕಂಡುಕೊಂಡ ಸಂಗತಿಗಳನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಂಡುಬಿಡುತ್ತೇವೆ. ಹಿಂದೊಮ್ಮೆ ನಮ್ಮ ಸಮಿತಿ ವಾರ್ಷಿಕ ವಿಹಾರವನ್ನು ಬಲು ಠೀವಿಯಿಂದ ಏರ್ಪಡಿಸಿತ್ತು. ನಗರದ ಹೊರಗೆ ಒಂದು ರಿಸಾರ್ಟು, ಬಾಡಿಗೆಯ ಬಸ್ಸು, ಬೆಳಗಿನ ಉಪಾಹಾರದಿಂದ ಸಂಜೆಯ ಚಹದವರೆಗೆ ಎಲ್ಲ ಸೇರಿ ತಲೆಗೆ ಇಷ್ಟು ಎಂದು ವಂತಿಗೆ. ಎರಡು ಬಸ್ಸು ಗೊತ್ತುಮಾಡಿದ್ದೆವು. ಒಂದು ತುಂಬಿತು, ಅದೂ ಪೂರ್ತಿಯಾಗಿ ಅಲ್ಲ. ಬಾರದವರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳಿ ಕಳುಹಿಸಿದ್ದರು: ಮಗುವಿಗೆ ನೆಗಡಿ, ಊರಿನಿಂದ ನೆಂಟರು, ಡ್ಯೂಟಿ ಬದಲಾಯಿತು. ಒಂದೇ ಭಾನುವಾರ ಅಷ್ಟು ಮನೆಗಳ ಮಕ್ಕಳಿಗೆ ನೆಗಡಿ ಬಂದದ್ದು ಹೇಗೆ ಎಂದು ನಮ್ಮಲ್ಲಿ ಯಾರೂ ಯೋಚಿಸಲಿಲ್ಲ.

ಮುಂದಿನ ವಾರದ ಕನ್ನಡ ತರಗತಿಯಲ್ಲಿ ನೆಗಡಿಯ ಹುಡುಗನೊಬ್ಬನನ್ನು, “ಈಗ ಹೇಗಿದ್ದೀಯಪ್ಪ?” ಎಂದು ಕೇಳಿದೆವು. ಮಕ್ಕಳಿಗೆ ಸುಳ್ಳನ್ನು ಒಂದು ವಾರ ಜೋಪಾನ ಮಾಡುವುದು ಬಾರದು. “ನನಗೇನೂ ಆಗಿರಲಿಲ್ರಿ. ಅಪ್ಪ ಹಂಗ ಹೇಳು ಅಂದಿದ್ದ. ನಾಕು ಮಂದಿಗೆ ಭಾಳ ರೊಕ್ಕ ಆಗ್ತದಂತ್ರಿ” ಎಂದ. ಅವನ ತಂದೆ ಕಲಬುರಗಿ ಜಿಲ್ಲೆಯ ಸೇಡಂ ಕಡೆಯವರು, ಗೌಂಡಿ ಕೆಲಸ. ಮುಗಿಲು ಮುಟ್ಟುವ ಕಟ್ಟಡಗಳನ್ನು ಕಟ್ಟಿ ಸಂಜೆ ತಗಡಿನ ಮನೆಗೆ ಮರಳುವವರು. ರಾಜ್ಯೋತ್ಸವದ ದಿನ ಹಂದರ ಕಟ್ಟುವುದಕ್ಕೆ ಎಲ್ಲರಿಗಿಂತ ಮೊದಲು ಬರುವವರೂ ಅವರೇ. ಅಂಥವರು ನಮ್ಮ ಮುಂದೆ ‘ಕೈಲಾಗದು’ ಎನ್ನಲು ನಾಚಿ ಮಗನ ಮೂಗಿನ ಮೇಲೆ ನೆವ ಹಾಕಿದ್ದರು. ನಾಚಬೇಕಾದವರು ನಾವು.

ಅಂದಿನಿಂದ ನಮ್ಮ ಸಮಿತಿಯ ಕಟ್ಟಳೆ ಬದಲಾಯಿತು. ವಂತಿಗೆ ಎಂಬುದಿಲ್ಲ. ಲೋಕಲ್ ಗಾಡಿಯೋ ಬೆಸ್ಟ್ ಬಸ್ಸೋ ಮುಟ್ಟುವ ಕಡೆಗೆ ಹೋಗತಕ್ಕದ್ದು. ಊಟಕ್ಕೆ ಮನೆಯ ಬುತ್ತಿ. ಕೆಲವರು ‘ಇದೇನು, ಸ್ಕೂಲ್ ಮಕ್ಕಳ ಪಿಕ್ನಿಕ್ಕೇ?’ ಎಂದು ಮೂಗು ಮುರಿದರು. ಅವರೂ ಈಗ ತಪ್ಪದೆ ಬರುತ್ತಾರೆ, ಏಕೆಂದರೆ ಅವರಿಗೆ ಇತರರ ಮನೆಯ ಪುಳಿಯೋಗರೆಯ ರುಚಿ ಹತ್ತಿದೆ.

ಪ್ರಯಾಣವೇ ಅರ್ಧ ವಿಹಾರ ಎಂಬುದನ್ನು ದೊಡ್ಡವರು ಮರೆತಿರುತ್ತೇವೆ. ವಾರದ ಆರು ದಿನ ಗಾಡಿಯಲ್ಲಿ ಜಜ್ಜಿಸಿಕೊಂಡವರಿಗೆ ಏಳನೆಯ ದಿನ ಅದರ ಮುಖ ನೋಡುವುದೇ ಬೇಡ ಎನ್ನಿಸುವುದು ಸಹಜ. ಆದರೆ ಮಗುವಿಗೆ ಕಿಟಕಿ ಸಿಕ್ಕರೆ ಸಾಕು. 1853ರ ಏಪ್ರಿಲ್ 16ರಂದು ನಮ್ಮ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು ಬೋರಿಬಂದರಿನಿಂದ ಠಾಣೆಗೆ, 34 ಕಿಲೋಮೀಟರು. ಇಂದು ನೀವು ಸೀಟಿಗಾಗಿ ಜಗಳವಾಡುವುದೂ ಅದೇ ದಾರಿಯಲ್ಲಿಯೇ ಎಂದು ಹೇಳಿದರೆ ಮಕ್ಕಳು ಹೊರಗೆ ಬೇರೆಯೇ ಕಣ್ಣಿನಿಂದ ನೋಡುತ್ತಾರೆ. ಐದು ವರ್ಷದ ಒಳಗಿನವರಿಗೆ ಟಿಕೆಟ್ಟಿಲ್ಲ, ಹನ್ನೆರಡರ ಒಳಗಿನವರಿಗೆ ಅರ್ಧ. ಒಂದು ಎಚ್ಚರಿಕೆ: ಭಾನುವಾರಗಳಂದು ಹಳಿ ದುರಸ್ತಿಗಾಗಿ ‘ಮೆಗಾ ಬ್ಲಾಕ್’ ಇರುತ್ತದೆ. ಹಿಂದಿನ ದಿನವೇ ವಿಚಾರಿಸಿಕೊಳ್ಳದೆ ಹೊರಟು ನಾವೊಮ್ಮೆ ಮೂವತ್ತು ಜನ ಕುರ್ಲಾದಲ್ಲಿ ಒಂದೂವರೆ ಗಂಟೆ ನಿಂತು ಬುತ್ತಿಯನ್ನು ಪ್ಲಾಟ್‌ಫಾರ್ಮಿನಲ್ಲಿಯೇ ಮುಗಿಸಿ ಮನೆಗೆ ಬಂದೆವು.

ಬಸ್ಸಿನ ಮಾತು ಬಂದಾಗ ಕರುಳು ಚುರುಕ್ಕೆನ್ನುತ್ತದೆ. ನಮ್ಮಲ್ಲಿ ಹಲವರಿಗೆ ಮುಂಬಯಿಯ ಮೊದಲ ಸುಖವೆಂದರೆ ಕೆಂಪು ಡಬಲ್ ಡೆಕ್ಕರಿನ ಮೇಲಂತಸ್ತಿನ ಮುಂದಿನ ಸೀಟು. ಆ ಹಳೆಯ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿ ನಿಂತುಹೋದವು. ಅದೇ ವರ್ಷ ವಿದ್ಯುತ್ತಿನಿಂದ ಓಡುವ, ತಂಪು ಹವೆಯ ಹೊಸ ಡಬಲ್ ಡೆಕ್ಕರುಗಳು ಬಂದವು. ಮೇಲಿನ ನೋಟ ಚೆನ್ನಾಗಿಯೇ ಇದೆ, ಆದರೆ ಮುಖಕ್ಕೆ ಬಡಿಯುವ ಗಾಳಿ ಇಲ್ಲ. ಕನಿಷ್ಠ ದರ 2019ರಲ್ಲಿ 5 ರೂಪಾಯಿಗೆ ಇಳಿದಿತ್ತು, 2025ರಲ್ಲಿ 10 ರೂಪಾಯಿಗೆ ಏರಿತು. ನಾಲ್ಕು ಜನರ ಸಂಸಾರಕ್ಕೆ ಇದೂ ಲೆಕ್ಕಕ್ಕೆ ಬರುವ ಮಾತೇ.

ಈಗ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ. ನಮ್ಮನ್ನು ಕೇಳಿದರೆ ಮೊದಲು ಕಾನ್ಹೇರಿ. ಬೋರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಬಾಗಿಲು. ಸುಮಾರು 100 ಚದರ ಕಿಲೋಮೀಟರಿನ ಕಾಡು, ಒಳಗೆ ಚಿರತೆಗಳಿವೆ. ಇಷ್ಟು ದೊಡ್ಡ ಪಟ್ಟಣದ ಹೊಟ್ಟೆಯೊಳಗೆ ಇಂಥ ಕಾಡಿರುವುದೇ ಸೋಜಿಗ. ಬಾಗಿಲಿನಿಂದ ಗುಹೆಗಳವರೆಗೆ ಆರೇಳು ಕಿಲೋಮೀಟರು. ಉದ್ಯಾನದ ಬಸ್ಸಿದೆ, ಕಾಲು ಗಟ್ಟಿ ಇದ್ದವರಿಗೆ ಬೆಳಗಿನ ನಡಿಗೆ ಇನ್ನೂ ಚೆನ್ನ. ಸೋಮವಾರ ರಜೆ. ಟಿಕೆಟ್ಟು ಎರಡು ಕಡೆ ತೆಗೆಯಬೇಕು, ಆದರೆ ಗುಹೆಗಳ ಬಳಿ ಪುರಾತತ್ವ ಇಲಾಖೆಯವರು 15 ವರ್ಷದೊಳಗಿನ ಮಕ್ಕಳಿಗೆ ಹಣ ಕೇಳುವುದಿಲ್ಲ. ಕೋತಿಗಳು ಮಾತ್ರ ದೊಡ್ಡವರು ಚಿಕ್ಕವರೆನ್ನದೆ ಎಲ್ಲರಿಂದಲೂ ವಸೂಲಿ ಮಾಡುತ್ತವೆ. ನಮ್ಮ ಖಜಾಂಚಿಗಳ ಮನೆಯಿಂದ ಬಂದಿದ್ದ ಕೋಡುಬಳೆಯ ಡಬ್ಬಿಯನ್ನು ಒಂದು ಗಡವ ಹಾಡುಹಗಲೇ ಎತ್ತಿಕೊಂಡು ಹೋಗಿ, ಮರದ ಮೇಲೆ ಕುಳಿತು ಮುಚ್ಚಳ ತೆಗೆದು, ಒಂದನ್ನು ಕಡಿದು ನೋಡಿ, ಉಳಿದದ್ದನ್ನು ಕೆಳಗೆ ಸುರಿಯಿತು. ಖಜಾಂಚಿಗಳ ಮನೆಯವರು ಅದನ್ನು ಇಂದಿಗೂ ಕ್ಷಮಿಸಿಲ್ಲ.

ನೂರಕ್ಕೂ ಹೆಚ್ಚು ಗುಹೆಗಳು, ಒಂದೇ ಬಂಡೆಯಲ್ಲಿ. ಸುಮಾರು ಒಂದು ಸಾವಿರ ವರ್ಷ ಬೌದ್ಧ ಭಿಕ್ಷುಗಳು ಇಲ್ಲಿ ಬಾಳಿದರು. ಮೂರನೆಯ ಗುಹೆಯ ಚೈತ್ಯದ ಮೊಗಸಾಲೆಯಲ್ಲಿ ನಿಂತ ಬುದ್ಧನ ಎರಡು ಬೃಹನ್ಮೂರ್ತಿಗಳಿಗೆ ಎಲ್ಲರೂ ಕತ್ತೆತ್ತಿದ್ದಾಗ, ನಮ್ಮ ಸೇಡಂ ಕಡೆಯ ಗೌಂಡಿಯವರು ಮಾತ್ರ ಮೆಟ್ಟಿಲು ಹತ್ತಿ ಬಂಡೆಯ ನೆತ್ತಿಗೆ ಹೋಗಿದ್ದರು. ಅಲ್ಲಿಂದ ಮಕ್ಕಳನ್ನು ಕೂಗಿ ಕರೆದರು. ಬಂಡೆಯ ಮೇಲೆ ಸಣ್ಣ ಸಣ್ಣ ಕಾಲುವೆಗಳನ್ನು ಕಡಿದು, ಮಳೆಗಾಲದ ನೀರನ್ನು ಹಿಡಿದು, ಒಂದೊಂದು ಗುಹೆಯ ಪಕ್ಕದ ತೊಟ್ಟಿಗೆ ಇಳಿಸಿದ್ದಾರೆ. “ಇದರ ಇಳಿಜಾರು ನೋಡ್ರಿ. ಒಂದು ಬೆರಳು ಹೆಚ್ಚಾದ್ರ ನೀರು ಹೊಡದು ಹೊರಗ ಹೋಗ್ತದ, ಕಮ್ಮಿ ಆದ್ರ ನಿಂತು ಪಾಚಿ ಕಟ್ತದ. ಇವರ ಕೈಯಾಗ ಲೆವೆಲ್ ಪೈಪ್ ಇರಲಿಲ್ಲ” ಎಂದು, ತಮ್ಮ ಬಾಟ್ಲಿಯ ನೀರನ್ನು ಕಾಲುವೆಯ ತಲೆಗೆ ತುಸುವೇ ಹನಿಸಿದರು. ಹದಿನೈದು ಮಕ್ಕಳು ಆ ಎಳೆ ನೀರಿನ ಹಿಂದೆ ಬಗ್ಗಿಕೊಂಡು ಓಡಿದರು. ಅಂದು ನಾವು ಬರೆದುಕೊಂಡು ಹೋಗಿದ್ದ ಇತಿಹಾಸದ ಉಪನ್ಯಾಸ ಚೀಲದಲ್ಲಿಯೇ ಉಳಿಯಿತು.

ಅದರಲ್ಲಿ ಇದ್ದ ಒಂದೇ ಒಂದು ಮಾತನ್ನು ಊಟದ ಹೊತ್ತಿಗೆ ಹೇಳಿದೆವು. ಈ ಗುಹೆಗಳಲ್ಲಿ 9ನೆಯ ಶತಮಾನದ ಶಾಸನಗಳಿವೆ. ಭಿಕ್ಷುಗಳಿಗೆ ಕೊಟ್ಟ ದಾನವನ್ನು ಹೇಳುತ್ತವೆ. ಆಗ ಈ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು, ಅವರ ಮೇಲಿನ ಸಾರ್ವಭೌಮನೆಂದು ಆ ಶಾಸನಗಳು ಹೆಸರಿಸುವುದು ಅಮೋಘವರ್ಷನನ್ನು. ಅಂದರೆ ‘ಕವಿರಾಜಮಾರ್ಗ’ದ ನೃಪತುಂಗ. ಆತನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಅದಿರುವುದು ಸೇಡಂ ತಾಲ್ಲೂಕಿನಲ್ಲಿ.

ಗೌಂಡಿಯವರು ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದರು. “ನಮ್ಮ ಮಳಖೇಡದ ರಾಜಾನ ಹೆಸರು ಇಲ್ಲಿ ಅದ ಏನ್ರೀ?” ಎಂದು ಎರಡು ಸಲ ಕೇಳಿದರು. ಅವರ ಹಳ್ಳಿಗೂ ಮಳಖೇಡಕ್ಕೂ ಎರಡು ಹರದಾರಿ ದಾರಿಯಂತೆ. ಊಟ ಮುಗಿದ ಮೇಲೆ ಮಗನನ್ನು ಕರೆದುಕೊಂಡು ಇನ್ನೊಂದು ಸುತ್ತು ಹೋಗಿ, ಗೋಡೆಯ ಮೇಲಿನ ಅಕ್ಷರಗಳೆಲ್ಲವನ್ನೂ ಒಂದೊಂದಾಗಿ ನೋಡಿ ಬಂದರು. ಅವುಗಳಲ್ಲಿ ಯಾವುದು ಆ ಶಾಸನ ಎಂದು ತೋರಿಸಿಕೊಡುವಷ್ಟು ಲಿಪಿಜ್ಞಾನ ನಮ್ಮಲ್ಲಿ ಯಾರಿಗೂ ಇರಲಿಲ್ಲ, ಅದು ಬೇರೆ ಮಾತು.

ಘಾರಾಪುರಿ, ಎಂದರೆ ಎಲಿಫೆಂಟಾ, ಎರಡನೆಯದು. ಇದನ್ನು ಅಲ್ಪ ವೆಚ್ಚದ್ದು ಎಂದು ಹೇಳಲು ನಮಗೆ ತುಸು ಅಳುಕಿದೆ, ಏಕೆಂದರೆ ಗೇಟ್‌ವೇಯಿಂದ ದೋಣಿಯ ದರ ದೊಡ್ಡ ಸಂಸಾರಕ್ಕೆ ಭಾರವೇ. ವರ್ಷಕ್ಕೊಮ್ಮೆ ಇರಲಿ. ಸೋಮವಾರ ಇದಕ್ಕೂ ರಜೆ. ಒಂದು ಗಂಟೆಯ ಸಮುದ್ರಯಾನ, ನೂರಕ್ಕೂ ಹೆಚ್ಚು ಮೆಟ್ಟಿಲು, ಕೊನೆಗೆ ಅರೆಗತ್ತಲೆಯಲ್ಲಿ ಸುಮಾರು 20 ಅಡಿ ಎತ್ತರದ ಆ ಮೂರು ಮುಖದ ಶಿವ. ಅದರ ಮುಂದೆ ಗಲಾಟೆಯ ಮಕ್ಕಳೂ ಸುಮ್ಮನಾಗುವುದನ್ನು ನೋಡಿದ್ದೇವೆ. ಇಲ್ಲಿಯೂ ನಮಗೊಂದು ನಂಟಿದೆ. ಎರಡನೆಯ ಪುಲಕೇಶಿ ನೂರಾರು ನಾವೆಗಳೊಡನೆ ಪುರಿ ಎಂಬ ಕಡಲ ಪಟ್ಟಣವನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಬರೆದಿದ್ದಾನೆ. ಆ ಪುರಿಯೇ ಈ ಘಾರಾಪುರಿ ಎಂದು ಕೆಲವು ವಿದ್ವಾಂಸರ ಮತ. ಎಲ್ಲರೂ ಒಪ್ಪುವುದಿಲ್ಲ. ನಾವೂ ದೋಣಿಯಲ್ಲಿ ಕುಳಿತಿರುವಷ್ಟು ಹೊತ್ತು ಮಾತ್ರ ಒಪ್ಪುತ್ತೇವೆ.

ದೋಣಿಗೆ ಹಣ ಸಾಲದವರು ಬೈಕಲಾದ ರಾಣಿ ಬಾಗಿಗೆ ಹೋದರೆ ಎಲಿಫೆಂಟಾದ ‘ಎಲಿಫೆಂಟ’ನ್ನಾದರೂ ನೋಡಬಹುದು. ಯಾವ ಕಲ್ಲಾನೆಯನ್ನು ಕಂಡು ಪೋರ್ತುಗೀಸರು ದ್ವೀಪಕ್ಕೆ ಆ ಹೆಸರಿಟ್ಟರೋ ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ ಬೀಳಿಸಿ ಒಡೆದರು. 1914ರಲ್ಲಿ ಚೂರುಗಳನ್ನು ಜೋಡಿಸಿದರು. ಈಗ ಅದು ಈ ತೋಟದಲ್ಲಿ ನಿಂತಿದೆ. ಮಕ್ಕಳು ಅದನ್ನು ದಾಟಿ ಪೆಂಗ್ವಿನ್ನುಗಳತ್ತ ಓಡುತ್ತಾರೆ, ಏನು ಮಾಡುವುದು! ಬುಧವಾರ ರಜೆ ಎಂಬುದನ್ನು ನೆನಪಿಡಿ.

ಊರಿನಿಂದ ಕರೆಸಿಕೊಂಡ ತಾಯಿತಂದೆಗಳ ವಿಷಯ ಬೇರೆ. ಕಾರ್ಕಳದಿಂದ ಬಂದ ಒಬ್ಬ ಅಮ್ಮ ಏಳನೆಯ ಮಹಡಿಯ ಫ್ಲಾಟಿನಲ್ಲಿ ನಾಲ್ಕು ತಿಂಗಳು ಕಿಟಕಿಯ ಸರಳು ಹಿಡಿದು ಕುಳಿತಿದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ. ಮೊಮ್ಮಗಳ ಮಾತೆಲ್ಲ ಹಿಂದಿ ಇಂಗ್ಲಿಷು. ‘ಮೊಣಕಾಲು ನೋವು, ಎಲ್ಲಿಗೂ ಬೇಡ’ ಎನ್ನುವರು. ಮಲಬಾರ ಹಿಲ್ಲಿನ ವಿಹಾರಕ್ಕೆ ಅವರನ್ನು ಬಹಳ ಬಲವಂತದಿಂದ ಹೊರಡಿಸಿದೆವು. ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳನ್ನು ನೋಡಿ, “ಗಿಡಕ್ಕೆ ಯಾಕೆ ಈ ಶಿಕ್ಷೆ?” ಎಂದರು. ಕಮಲಾ ನೆಹರು ಪಾರ್ಕಿನಿಂದ ಕಾಣುವ ಮರೀನ್ ಡ್ರೈವಿನ ಬಾಗು, ಬೂಟಿನ ಆಕಾರದ ಮನೆ, ಯಾವುದೂ ಅವರನ್ನು ಮುಟ್ಟಲಿಲ್ಲ. ಅಲ್ಲಿಂದ ವಾಲಕೇಶ್ವರದ ಬಾಣಗಂಗೆಗೆ ಇಳಿದಾಗ ಮಾತ್ರ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾಲ್ಕು ಕಡೆ ಕಲ್ಲಿನ ಪಾವಟಿಗೆ, ಸುತ್ತ ಗುಡಿಗಳು, ಗೌಡ ಸಾರಸ್ವತರ ಮಠಗಳು, ನೀರಿನಲ್ಲಿ ಬಾತುಗಳು; ಕೂಗಿದರೆ ಕೇಳುವಷ್ಟು ದೂರದಲ್ಲಿ ಉಪ್ಪಿನ ಸಮುದ್ರ, ಆದರೆ ಕೆರೆಯದು ಸಿಹಿನೀರು. ಅವರು ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮೂರ ದೇವಸ್ಥಾನದ ಕೆರೆಯಲ್ಲಿ ತಾವು ಹುಡುಗಿಯಾಗಿದ್ದಾಗ ಈಜು ಕಲಿತದ್ದನ್ನು ಹೇಳತೊಡಗಿದರು. ಹುಡುಗಿ, “ಅಜ್ಜಿ, ನಿಮಗೆ ಈಜು ಬರುತ್ತಾ?” ಎಂದಳು. ಅವಳ ಬಾಯಿಂದ ನಾವು ಕೇಳಿದ ಮೊದಲ ಇಡೀ ಕನ್ನಡ ವಾಕ್ಯ ಅದು. ಇಲ್ಲಿ ಯಾರಿಗೂ ಕಾಸು ಕೊಡಬೇಕಾಗಿಲ್ಲ.

ಸಂಜೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮರೀನ್ ಡ್ರೈವಿನ ಕಟ್ಟೆ, ಗಿರಗಾಂವ ಚೌಪಾಟಿ ನಿಮಗೆ ಗೊತ್ತಿರತಕ್ಕವೇ. ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಹೋದವರು ಸಿನಿಮಾ ನಟರ ಮನೆಗಳ ಗೇಟಿಗೆ ಕಣ್ಣು ನೆಡುತ್ತಾರೆ; ಅದೇ ಸಮುದ್ರದ ಎದುರಿನಲ್ಲಿ ‘ಶಿಕಾರಿ’ಯ ಯಶವಂತ ಚಿತ್ತಾಲರು ವಾಸವಾಗಿದ್ದರೆಂದು ಯಾರಾದರೂ ಮಕ್ಕಳಿಗೆ ತಿಳಿಸಬಾರದೇ?

ಬುತ್ತಿ ಕಟ್ಟಲಾಗದ ದಿನ ಮಾಟುಂಗ ಇದೆ. ಸ್ಟೇಷನ್ನಿನ ಪಕ್ಕದಲ್ಲಿ 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಯೆಲೆಯ ಊಟ ಇಂದಿಗೂ ಹೊಟ್ಟೆತುಂಬುವಂಥದ್ದು. ಕಾಯುವ ತಾಳ್ಮೆ ಬೇಕು.

ಒಂದು ಗೊಣಗಾಟವನ್ನೂ ಸೇರಿಸುತ್ತೇವೆ, ಇದು ಸಮಿತಿಯ ಮಹಿಳೆಯರದು. ಎಲ್ಲಿಗೆ ಹೋಗುವುದಿದ್ದರೂ ಗಂಡಸರು ನೋಟ ಎಲ್ಲಿ ಚೆನ್ನ ಎಂದು ವಿಚಾರಿಸುತ್ತಾರೆ; ಶೌಚಾಲಯ ಎಲ್ಲಿದೆ ಎಂದು ವಿಚಾರಿಸುವವರು ತಾವೇ ಎಂದು. ಮಾತು ನಿಜ. ಆದ್ದರಿಂದ ಈಗ ಇಬ್ಬರು ಒಂದು ವಾರ ಮುಂಚೆ ಜಾಗಕ್ಕೆ ಹೋಗಿ ಅದನ್ನು, ಕುಡಿಯುವ ನೀರನ್ನು, ನೆರಳನ್ನು ನೋಡಿಕೊಂಡು ಬರುತ್ತಾರೆ.

ಮುಂದಿನ ವಿಹಾರ ವಸಯಿ ಕೋಟೆಗೆ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ತುಗೀಸರಿಂದ ಗೆದ್ದುಕೊಂಡ ಕೋಟೆ; ಈಗ ಪಾಳು ಇಗರ್ಜಿಗಳು, ತಾಳೆಮರಗಳು, ಬೇಕಾದಷ್ಟು ಬಯಲು. ವಸಯಿ ರೋಡ್ ಸ್ಟೇಷನ್ನಿನ ಪಶ್ಚಿಮ ಬಾಗಿಲಿನಲ್ಲಿ ಬೆಳಿಗ್ಗೆ ಎಂಟಕ್ಕೆ ಸೇರತಕ್ಕದ್ದು. ಅಲ್ಲಿಂದ ಮುಂದೆ ಬಸ್ಸು. ಹೆಸರು ಕೊಡಬೇಕಾಗಿಲ್ಲ, ಹಣ ಕೊಡಬೇಕಾಗಿಲ್ಲ. ಬರುತ್ತೇವೆಂದು ಹೇಳಿ ಬಾರದಿದ್ದರೂ ಕಾರಣ ಕೇಳುವುದಿಲ್ಲ. ಗೌಂಡಿಯವರು ಜೋಳದ ರೊಟ್ಟಿ, ಶೇಂಗಾ ಚಟ್ನಿ ತರುವುದಾಗಿ ಒಪ್ಪಿದ್ದಾರೆ. ಮೊಸರಿಗೆ ಯಾರೂ ಇನ್ನೂ ಒಪ್ಪಿಕೊಂಡಿಲ್ಲ. ಸಭೆ ಮುಗಿದ ಕೂಡಲೇ ಯಾರಾದರೂ ನಮಗೆ ತಿಳಿಸಬೇಕು.